ಜಿಪುಣಿಯ ಕ್ಯಾಮೆರಾ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಜಿಪುಣಿ ಎಂದೇ. ದುಡ್ಡಿನಲ್ಲಿ ಧಾರಾಳಿ, ಜಿಪುಣತನವೆಲ್ಲ ಬ್ಯಾಟರಿಯ ವಿಷಯದಲ್ಲಿ. ಕರೆಂಟಿಲ್ಲದ ಕಡೆ ಕಾವಲಿರುವ ಕ್ಯಾಮೆರಾಗಳನ್ನು ರೂಪಿಸುವುದು ಅವಳ ಕೆಲಸ. ಚಿತ್ರ ತೆಗೆಯಲು ಅಷ್ಟೇನೂ ಖರ್ಚಿಲ್ಲ. ತಂತಿಯಿಲ್ಲದೆ ಅದನ್ನು ದೂರಕ್ಕೆ ಕಳಿಸುವುದೇ ಬ್ಯಾಟರಿಯ ಜೀವ ಹಿಂಡುತ್ತದೆ. ಅದಕ್ಕೇ ಅವಳ ಕ್ಯಾಮೆರಾ ಗಂಟೆಗೊಮ್ಮೆ ಕಣ್ಣು ಬಿಟ್ಟು, ಹಿಂದಿನ ಚಿತ್ರದ ಜೊತೆ ಹೋಲಿಸಿ, ವ್ಯತ್ಯಾಸವಿಲ್ಲದಿದ್ದರೆ ತುಟಿ ಪಿಟಕ್ಕೆನ್ನದೆ ಮತ್ತೆ ಮಲಗುತ್ತಿತ್ತು. ಕಲ್ಲುಗಣಿಯ ಗುಡ್ಡದಲ್ಲಿದ್ದ ಬಿರುಕನ್ನು ಕಾಯಲು ಅಂಥದ್ದೇ ಒಂದನ್ನು ನೆಟ್ಟು ಎರಡು ವರ್ಷವಾಗಿತ್ತು. ಗುಡ್ಡದ ಬುಡದಲ್ಲಿ ಕೆಲಸಗಾರರ ಮನೆಗಳು. ಒಮ್ಮೆಯೂ ಬ್ಯಾಟರಿ ಬದಲಾಗಿರಲಿಲ್ಲ, ಒಂದು ಎಚ್ಚರಿಕೆಯೂ ಬಂದಿರಲಿಲ್ಲ. ಅದನ್ನು ಹೇಳಿಕೊಂಡು ಅವಳು ಬೀಗಿದ್ದೇ ಬೀಗಿದ್ದು.

ಆ ಬೆಳಿಗ್ಗೆ, ವರ್ಷದ ಮೇಲೆ ಮನೆಗೆ ಬಂದ ತಂಗಿ ಶಾಲೆಗೆ ಹೊರಟಿದ್ದ ಅಕ್ಕನ ಮಗಳನ್ನು ಕಂಡು ಕಣ್ಣರಳಿಸಿದಳು. "ಅಕ್ಕಾ, ಏನೇ ಇದು! ಪುಟ್ಟಿ ನಿನ್ನ ಭುಜಕ್ಕೆ ಬಂದ್ಬಿಟ್ಟಿದಾಳೆ. ಫ್ರಾಕ್ ನೋಡು, ಎಲ್ಲಿಗೆ ಹೋಗಿದೆ!"

"ಸುಮ್ನಿರೇ, ನಿನ್ನೆ ಹೇಗಿದ್ಲೋ ಹಾಗೇ ಇದಾಳೆ."

"ದಿನಾ ನೋಡೋರಿಗೆ ಎಲ್ಲಿ ಗೊತ್ತಾಗತ್ತೆ!"

ಕಚೇರಿಗೆ ಹೋಗಲು ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಅವಳ ಎದೆಗೆ ನಾಟಿತು. ಒಂದು ಗಂಟೆಯಲ್ಲಿ ಬಿರುಕು ಎಷ್ಟು ಅಗಲವಾದೀತು? ಕೂದಲೆಳೆಯಷ್ಟೂ ಇಲ್ಲ. ಕ್ಯಾಮೆರಾ ಹಿಂದಿನ ಗಂಟೆಯ ಚಿತ್ರ ನೋಡಿ, ಹಾಗೇ ಇದೆ ಎಂದುಕೊಂಡು ಮಲಗುತ್ತದೆ. ಮೊದಲ ದಿನದ ಚಿತ್ರವನ್ನು ಅದು ಇಟ್ಟುಕೊಂಡೇ ಇಲ್ಲ. ಇಟ್ಟುಕೊಳ್ಳಲು ಬಿಡದವಳು ಅವಳೇ.

ಕಚೇರಿ ಸೇರಿದವಳೇ ಹೊಸ ಚಿತ್ರ ತರಿಸಿದಳು. ಅದು ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ನಿಧಾನಕ್ಕೆ ಇಳಿಯಿತು. ಕ್ಯಾಮೆರಾ ನೆಟ್ಟ ದಿನ ತಾನೇ ತೆಗೆದಿದ್ದ ಫೋಟೊದ ಪಕ್ಕ ಇಟ್ಟು ನೋಡಿದಳು. ಅಂದು ಬೆರಳು ತೂರದಿದ್ದ ಬಿರುಕಿನಲ್ಲಿ ಇಂದು ಒಬ್ಬ ಆಳೇ ಇಳಿಯಬಹುದಿತ್ತು.

ಗಣಿಯ ಮೇಸ್ತ್ರಿಗೆ ಫೋನು ಮಾಡಿದಳು. "ಗುಡ್ಡ ಜಾರ್ತಾ ಇದೆ. ಮನೆಗಳಲ್ಲಿರೋರನ್ನೆಲ್ಲ ಈಗ್ಲೇ ದೂರ ಕಳಿಸಿ."

ಮೇಸ್ತ್ರಿ ನಕ್ಕರು. "ಏನ್ ಮೇಡಂ, ಬೆಳಿಗ್ಗೆ ಬೆಳಿಗ್ಗೆ ತಮಾಷೆನಾ? ಕ್ಯಾಮೆರಾ ಏನೂ ಅಂದಿಲ್ವಲ್ಲ! ಮೊದ್ಲೆಲ್ಲ ನಾವೇ ದಿನಾ ಹತ್ತಿ ನೋಡ್ತಿದ್ವಿ. ನಿಮ್ಮ ಕ್ಯಾಮೆರಾ ಬಂದ್ಮೇಲೆ ಅದನ್ನೂ ಬಿಟ್ವಿ. ಈಗ ನಿಶ್ಚಿಂತೆ."

ಎಷ್ಟು ಹೇಳಿದರೂ ಅಷ್ಟೇ. ಅವರು ನಂಬುತ್ತಿದ್ದುದು ಕ್ಯಾಮೆರಾವನ್ನು, ಅವಳನ್ನಲ್ಲ. ಅದರ ಹೆಸರಿನಲ್ಲಿ ತಾನೇ ಎಚ್ಚರಿಕೆ ಕಳಿಸಿದರೆ ಗಣಿಯ ಸೈರನ್ ಕೂಗುತ್ತದೆ, ಸುಳ್ಳು ಸಂದೇಶ ಸೃಷ್ಟಿಸಿದ್ದಕ್ಕೆ ತನ್ನ ಕೆಲಸವೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಳಿಸಿಯೇಬಿಟ್ಟಳು.

ಫೋನಿನಲ್ಲೇ ಸೈರನ್ ಕೇಳಿಸಿತು. ಮೇಸ್ತ್ರಿಯ ನಗು ನಿಂತಿತು. "ಏಯ್, ಮಕ್ಕಳನ್ನ ಎತ್ಕೊಳ್ರೋ, ಓಡ್ರೋ!" ಎಂದು ಕಿರುಚಿದವರು, ಏದುಸಿರಿನಲ್ಲೇ ಮತ್ತೆ ಫೋನಿಗೆ ಬಂದರು.

"ಪುಣ್ಯಕ್ಕೆ ನಿಮ್ಮ ಕ್ಯಾಮೆರಾ ಇತ್ತು ಮೇಡಂ!"

ಅವಳು ಫೋನು ಕಿವಿಗೆ ಹಿಡಿದುಕೊಂಡೇ ಅತ್ತಳು.