ಕೋವಿ ಗೊತ್ತಿದ್ದ ಸರ್ಜನ್

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ಕೊಡಗಿನ ಸರ್ಜನ್ ಒಬ್ಬರಿದ್ದರು. ಗುಂಡೇಟು ತಿಂದ ಹುಡುಗರು ಹೆಚ್ಚಾಗಿ ಅವರ ಟೇಬಲ್ಲಿಗೇ ಬರುತ್ತಿದ್ದರು. ಕೂತಲ್ಲೆಲ್ಲ ಕನ್ನಡಕ ತೆಗೆದು, ಬೆರಳಿನಿಂದ ಕಣ್ಣು ಒತ್ತಿಕೊಳ್ಳುವುದು ಅವರ ಅಭ್ಯಾಸ. ಯಾರಾದರೂ ವಾದಕ್ಕೆ ಎಳೆದರೆ, "ಊಟ ಮಾಡಿ, ತಣ್ಣಗಾಗುತ್ತೆ" ಎಂದು ಮುಗಿಸಿಬಿಡುತ್ತಿದ್ದರು.

ಒಂದು ಭಾನುವಾರ ಅದೇ ಊರಿನ ಎಜ್‌ಬಾಸ್ಟನ್‌ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಟೆಕ್ಸಾಸ್‌ನಿಂದ ಬಂದಿದ್ದ ನನ್ನ ಭಾವ, ನಾನು ಕೇಳಿ ಕೇಳಿ ಸಾಕಾಗಿದ್ದ ಮಾತನ್ನೇ ಮತ್ತೆ ಶುರುಮಾಡಿದರು.

"ಇಲ್ಲಿ ಪಿಸ್ತೂಲು ಬ್ಯಾನ್ ಮಾಡಿ ಏನಾಯ್ತು? ಶೂಟಿಂಗ್ ನಿಂತಿಲ್ಲ. ನಮ್ಮಲ್ಲಿ ಲೈಸೆನ್ಸ್ ಇದ್ರೆ ಕೋಟಿನೊಳಗೆ ಇಟ್ಕೊಂಡು ಓಡಾಡಬಹುದು. ಯಾರ ಹತ್ರ ಇದೆಯೋ ಗೊತ್ತಾಗದೆ ಕಳ್ಳರೇ ಹೆದರ್ತಾರೆ. ಡಾಕ್ಟ್ರೇ, ನೀವು ಕೊಡವರು. ನಿಮ್ಮಲ್ಲಿ ಮನೆಮನೆಗೂ ಕೋವಿ ಇದೆ ಅಲ್ವಾ?"

"ಇದೆ. ವರ್ಷಕ್ಕೊಮ್ಮೆ ಹೂವಿಟ್ಟು ಪೂಜೆ ಮಾಡ್ತೀವಿ. ಯಾರ ಮನೇಲಿದೆ ಅಂತ ಊರಿಗೆಲ್ಲ ಗೊತ್ತಿರುತ್ತೆ. ಬಚ್ಚಿಟ್ಕೊಂಡು ತಿರುಗೋ ಪದ್ಧತಿ ಇಲ್ಲ. ಊಟ ಮಾಡಿ, ತಣ್ಣಗಾಗುತ್ತೆ."

ಭಾವ ಬಿಡಲಿಲ್ಲ. "ಮೊನ್ನೆ ನಿಮ್ಮ ಆಸ್ಪತ್ರೇಲಿ ಒಬ್ಬ ಹುಡುಗ ಗುಂಡೇಟಿಗೆ ಸತ್ತನಂತಲ್ಲ, ಅವನ ಹತ್ರಾನೂ ಒಂದು ಗನ್ ಇದ್ದಿದ್ರೆ?"

ಸರ್ಜನ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಇತ್ತು," ಎಂದರು. "ಜಾಕೆಟ್ ಕತ್ತರಿಸುವಾಗ ಸಿಕ್ತು. ಒಳಜೇಬಿನ ಜಿಪ್ ಕೂಡ ತೆಗೆದಿರಲಿಲ್ಲ."

ಊಟ ತಣ್ಣಗಾಗುತ್ತೆ ಎಂದು ಈ ಸಲ ಅವರು ಹೇಳಲಿಲ್ಲ.