ತಂಗಿಗಾಗಿ ಬರೆದ ಮೇಲ್‌ಗೆ ಅಂಟಿದ ಮೂರಕ್ಷರ

ತಂಗಿಯ ರಕ್ತದ ಕ್ಯಾನ್ಸರಿಗೆ ಉಳಿದಿರುವುದು ಒಂದೇ ದಾರಿ, ಬೇರೆಯವರ ಅಸ್ಥಿಮಜ್ಜೆ ಎಂದು ಹ್ಯೂಸ್ಟನ್ನಿನ ಡಾಕ್ಟರು ಹೇಳಿದರು. ನನ್ನದು ಹೊಂದಲಿಲ್ಲ. ಒಡಹುಟ್ಟಿದ್ದಕ್ಕೆ ಅಷ್ಟೂ ಆಗಲಿಲ್ಲವಲ್ಲ ಎಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕೂತು ಅತ್ತೆ. ನಮ್ಮ ನಾಡಿನವರದೇ ಹೊಂದುವ ಸಾಧ್ಯತೆ ಹೆಚ್ಚಂತೆ, ಆದರೆ ದಾನಿಗಳಾಗಿ ಹೆಸರು ಬರೆಸಿದ ನಮ್ಮವರೇ ಕಡಿಮೆ.

ನಾನಿರುವ ಕಾಪೆಲ್ ಊರಿನಲ್ಲಿ ಒಂದು ಹಾಲ್ ಹಿಡಿದು ಶನಿವಾರ ದಾನಿಗಳ ನೋಂದಣಿ ಶಿಬಿರ ಗೊತ್ತುಮಾಡಿದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿದರೆ ಪರೀಕ್ಷೆ ಮುಗಿಯಿತು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ, ನನಗೆ ಹತ್ತಿಕಡ್ಡಿ. ಹಾಲ್ ಬಾಡಿಗೆಗೆ ಆಗಲಿ ಎಂದು ಬಿಸಿಬೇಳೆಬಾತ್ ಮಾರುವುದೆಂದೂ ಇತ್ತು. ಟೆಕ್ಸಸ್ ಕನ್ನಡಿಗರ ಇಮೇಲ್ ಪಟ್ಟಿಯನ್ನು ಆಸ್ಟಿನ್ನಿನ ನಿವೃತ್ತ ಇಂಜಿನಿಯರ್ ಅಂಕಲ್ ಒಬ್ಬರು ನೋಡಿಕೊಳ್ಳುತ್ತಿದ್ದರು. ಪಟ್ಟಿ ಕೇಳಲು ಅವರಿಗೆ ಫೋನ್ ಮಾಡಿದೆ.

"ನೋಡಮ್ಮ, ಕೇಳದೆ ಕಳಿಸೋ ವ್ಯಾಪಾರದ ಮೇಲ್‌ಗೆ ಈ ಸ್ಟೇಟಲ್ಲಿ ಕಾನೂನಿದೆ. ಸಬ್ಜೆಕ್ಟ್ ಲೈನಲ್ಲಿ ಮೊದಲು ಎಡಿವಿ ಅಂತ ಹಾಕ್ಬೇಕು. ಅಡ್ವರ್ಟೈಸ್‌ಮೆಂಟ್ ಅಂತ ಅರ್ಥ," ಎಂದರು.

"ಇದು ವ್ಯಾಪಾರ ಅಲ್ವಲ್ಲ ಅಂಕಲ್!"

"ಬಾತ್ ಮಾರ್ತಿದೀರಲ್ಲ. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ?"

ವಾದ ಮಾಡುವ ತ್ರಾಣ ಇರಲಿಲ್ಲ. ಅವರು ಕೊಟ್ಟ ಪಟ್ಟಿಗೆ ಆ ಮೂರಕ್ಷರ ಹಾಕಿ ಕಳಿಸಿದೆ.

ಶನಿವಾರ ಬಂದವರು ಏಳು ಜನ. ಅದರಲ್ಲಿ ಇಬ್ಬರು ಬಾತ್ ಕಟ್ಟಿಸಿಕೊಂಡು ಹೊರಟೇಹೋದರು. ಎರಡು ಬೀದಿ ಆಚೆ ಇರುವ ಆಂಟಿಯೇ ಬಂದಿರಲಿಲ್ಲ. ಸಿಟ್ಟು ತಡೆಯದೆ ಅವರ ಮನೆಗೇ ಹೋಗಿ ಕೇಳಿದೆ.

"ಅಯ್ಯೋ, ನಿಂದಾ ಅದು? ಮೇಲೆ ಎಡಿವಿ ಅಂತ ಇತ್ತಲ್ಲಮ್ಮ! ನಮ್ಮ ಮೈಸೂರಲ್ಲಿ ಲಾಯರ್ ಹೆಸರಿನ ಮುಂದೆ ಹಾಗೇ ಇರತ್ತೆ. ಯಾರೋ ಅಡ್ವೊಕೇಟ್ ನೋಟಿಸ್ ಕಳಿಸಿದಾರೆ ಅಂತ ಹೆದರಿ ತೆಗೀಲೇ ಇಲ್ಲ."

ಹೆದರದವರು ಜಾಹೀರಾತು ಎಂದು ಅಳಿಸಿದ್ದರು. ಆಮೇಲೆ ಕಾನೂನನ್ನು ನಾನೇ ಓದಿದೆ. ಅದು ಸರಕು ಮಾರುವವರಿಗೆ ಬರೆದದ್ದು, ಜೀವ ಬೇಡುವವರಿಗಲ್ಲ. ಅಂಕಲ್ಲನ್ನು ಬೈದು ಏನು ಪ್ರಯೋಜನ, ಎಡವಿದವಳು ನಾನು.

"ಎಷ್ಟು ಜನ ಬಂದ್ರು ಅಕ್ಕ?" ಎಂದು ತಂಗಿ ಫೋನಿನಲ್ಲಿ ಕೇಳಿದಳು.

"ತುಂಬಾ ಜನ ಕಣೇ," ಎಂದೆ.

ಫೋನ್ ಇಟ್ಟವಳೇ ಮತ್ತೊಂದು ಶನಿವಾರ ಗೊತ್ತುಮಾಡಿ, ಅದೇ ಪಟ್ಟಿಗೆ ಇನ್ನೊಮ್ಮೆ ಬರೆದೆ. ಮೇಲೆ ಕನ್ನಡದಲ್ಲಿ "ನನ್ನ ತಂಗಿ ಸಾಯುತ್ತಿದ್ದಾಳೆ" ಎಂದಷ್ಟೇ ಹಾಕಿದೆ. ಮೊದಲು ಬಂದ ಉತ್ತರ ಒಂದೇ ಸಾಲಿನದು: ದಯವಿಟ್ಟು ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ಹಾಗೆ ಕೇಳಿದವರ ಹೆಸರು ತೆಗೆಯಬೇಕು ಎಂಬುದೂ ಆ ಕಾನೂನಿನಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ. ಹೊಂದುವ ಮಜ್ಜೆ ಇವರೊಬ್ಬರದೇ ಆಗಿದ್ದರೆ?