ಏರ್ ಫಿಲ್ಟರಿನೊಳಗಿನ ಹತ್ತಿ

ಮೇಸ್ತ್ರಿ ಖಾಸಿಂ ಸಾಬರು ಕಾರಿನ ಏರ್ ಫಿಲ್ಟರ್ ಬಿಚ್ಚಿ ನನ್ನ ಮುಂದೆ ಹಿಡಿದರು. ಜಾಲರಿಯ ತುಂಬ ಹತ್ತಿಯ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಹತ್ತಿ ಮಿಲ್ಲೊಂದರ ಸಾಹುಕಾರರಿಗೆ ನಾನು ಡ್ರೈವರ್. ಅಂದು ಕುರುಗೋಡಿನಿಂದ ಬರುವಾಗ ದಾರಿಯುದ್ದಕ್ಕೂ ಎಂಜಿನ್ ಮುಗ್ಗರಿಸುತ್ತಲೇ ಇತ್ತು. ಈಗ ಮೇಸ್ತ್ರಿ ಕಾರ್ಬೊರೇಟರಿನ ಬಾಯಿಗೆ ಅಂಗೈ ಹಿಡಿದು, ಗಾಳಿ ಜೋರಾಗಿ ಎಳೆಯುವುದನ್ನು ನೋಡಿ ತಲೆಯಾಡಿಸಿದರು.

"ಎಂಜಿನ್ ಚಲೋ ಐತ್ರಿ. ಉಸಿರು ಕಟ್ಟಿತ್ತು, ಅಷ್ಟ. ಗಾಡಿ ಎಲ್ಲಿ ನಿಂದ್ರಸ್ತೀರಿ?"

"ಮಿಲ್ಲಿನ ಒಳಗರಿ. ಆರು ತಿಂಗಳಾತು."

"ಆರು ತಿಂಗಳಿಗೇ ಇಷ್ಟು ಧೂಳು ಕುಡದೈತಿ, ನೋಡ್ರಿ" ಎನ್ನುತ್ತ ಅವರು ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದರು.

ನನ್ನ ಹೆಂಡತಿ ಶಾಂತಮ್ಮ ಅದೇ ಮಿಲ್ಲಿನೊಳಗೆ ಕೂತು ಹತ್ತಿ ಆರಿಸಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಆಕೆಯ ಕೆಮ್ಮಿಗೆ ನನ್ನ ಹೊಗೆಯೇ ಕಾರಣವೆಂದು ನಾನು ಬೀಡಿ ಬಿಟ್ಟಿದ್ದೆ.

ಆ ಸಂಜೆ ಫಿಲ್ಟರಿನ ಸಂಗತಿಯನ್ನೂ ಹೆಂಡತಿಯ ಕೆಮ್ಮನ್ನೂ ಸಾಹುಕಾರರಿಗೆ ಒಟ್ಟಿಗೇ ಹೇಳಿದೆ. "ನಾಳಿಂದ ಗಾಡಿ ಗೇಟಿನ ಹೊರಗ ನಿಂದ್ರಸು" ಎಂದರು.

ಮರುದಿನದಿಂದ ಕಾರು ಹೊರಗೆ ಬೇವಿನ ನೆರಳಿನಲ್ಲಿ ನಿಂತಿತು. ಶಾಂತಮ್ಮ ಒಳಗೇ ಕೂತಳು, ಉಸಿರಿರುವ ತನಕ.